ಹೆಬ್ಬೆರಳಗಲದ ಪಟ್ಟಿ

"ಗುರುಗಳೇ, ಹೆಂಗಸರನ್ನು ಬರೀ ನೋಡಿದ ಮಾತ್ರಕ್ಕೆ ಯಾರಿಗೇನು ನಷ್ಟ? ನಾನು ಯಾರನ್ನೂ ಮುಟ್ಟಲಿಲ್ಲ, ಯಾರಿಗೂ ಒಂದು ಮಾತು ಅನ್ನಲಿಲ್ಲ," ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಭಲೇ, ವಕೀಲನ ಹಾಗೆ ಮಾತಾಡುತ್ತೀಯ. ಕೂತುಕೋ. ಒಬ್ಬ ಪತ್ರಿಕೆಯವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಬ್ಬ ಪತ್ರಿಕೆಯವನಿದ್ದ. ಗಂಡಸರು ಕದ್ದು ಓದುವ ಮಾಸಪತ್ರಿಕೆ ಅವನದು. ಓದುವುದೇನು ಬಂತು, ನೋಡುವುದು ಅನ್ನು. ಅರೆಬಟ್ಟೆಯ ಹೆಂಗಸರ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಚಿತ್ರಕ್ಕೆ ನಿಲ್ಲುವ ಹೆಂಗಸರು ಬಡವರು. ಅವರು ಕೇಳುತ್ತಿದ್ದುದು ಒಂದೇ: "ಅಣ್ಣಾ, ಗುರುತು ಸಿಗಬಾರದು." ಅದಕ್ಕಾಗಿ ಅವನು ಅವರ ಕಣ್ಣುಗಳ ಮೇಲೆ ಹೆಬ್ಬೆರಳಗಲದ ಕಪ್ಪು ಕಾಗದದ ಪಟ್ಟಿಯನ್ನು ತನ್ನ ಕೈಯಾರೆ ಅಂಟಿಸುತ್ತಿದ್ದ. ಅವರ ಮಾನ ಕಾಯುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದ. ಎಂಥ ಧರ್ಮರಾಯ ನೋಡು!

ವಿಚಿತ್ರವೆಂದರೆ, ಪಟ್ಟಿ ಇಲ್ಲದ ನಟಿಯರ ಚಿತ್ರಗಳಿಗಿಂತ ಪಟ್ಟಿ ಇದ್ದ ಚಿತ್ರಗಳನ್ನೇ ಜನ ಹುಡುಕಿಕೊಂಡು ಬಂದರು. ಕಣ್ಣಿಲ್ಲದ ಮುಖ ಯಾರದ್ದಾದರೂ ಆಗಬಹುದು. ಪಕ್ಕದ ಮನೆಯವಳದು, ಕಚೇರಿಯವಳದು, ಗೆಳೆಯನ ಹೆಂಡತಿಯದು. ನೋಡುವವನು ತನಗೆ ಬೇಕಾದವಳನ್ನು ಅಲ್ಲಿ ಕೂರಿಸಿಕೊಳ್ಳುತ್ತಿದ್ದ. ಪತ್ರಿಕೆಯವನಿಗೆ ಗುಟ್ಟು ತಿಳಿಯಿತು. ಬೇಡವೆಂದವರಿಗೂ ಪಟ್ಟಿ ಅಂಟಿಸತೊಡಗಿದ. ಹನ್ನೆರಡು ವರ್ಷ ಅವನು ಮುಟ್ಟಿದ್ದೆಲ್ಲ ಚಿನ್ನವಾಯಿತು.

ಒಂದು ಬೆಳಿಗ್ಗೆ ಬೀದಿಗಿಳಿದಾಗ ಹೂ ಮಾರುವವಳ ಕಣ್ಣ ಮೇಲೆ ಕಪ್ಪು ಪಟ್ಟಿ ಕಂಡಿತು. ಏನೋ ಕಣ್ಣುಬೇನೆ ಇರಬೇಕು ಎಂದುಕೊಂಡ. ಹಾಲಿನವಳಿಗೂ ಪಟ್ಟಿ. ಬಸ್ಸಿನ ಮುಂದಿನ ಸೀಟುಗಳಲ್ಲಿದ್ದ ಹೆಂಗಸರಿಗೆಲ್ಲ ಪಟ್ಟಿ. ಅವರು ಎಡವದೆ ನಡೆಯುತ್ತಿದ್ದರು, ತಮ್ಮೊಳಗೆ ಮಾತಾಡುತ್ತಿದ್ದರು, ಆಗಾಗ ಅವನ ಕಡೆ ತಿರುಗುತ್ತಿದ್ದರು. ಅವನು ಮನೆಗೆ ಓಡಿದ. ಬಾಗಿಲು ತೆರೆದ ಹೆಂಡತಿಯ ಮುಖದ ಮೇಲೂ ಅದೇ.

"ಏನ್ರೀ, ಹಾಗ್ಯಾಕೆ ನೋಡ್ತೀರಿ?" ಎಂದಳು ಅವಳು.

ಅವನು ಕೈ ಚಾಚಿ ಕಿತ್ತುಹಾಕಲು ಹೋದ. ಬೆರಳಿಗೆ ಬೆಚ್ಚಗಿನ ರೆಪ್ಪೆ ಸಿಕ್ಕಿತು, ಪಟ್ಟಿ ಸಿಗಲಿಲ್ಲ.

ಕಣ್ಣಿನ ಡಾಕ್ಟರು ದೋಷವೇನೂ ಇಲ್ಲ ಎಂದರು. ಗಂಡಸರು ಅವನಿಗೆ ಚೆನ್ನಾಗಿಯೇ ಕಾಣುತ್ತಿದ್ದರು. ಆದರೆ ಚಿತ್ರ ಆರಿಸಲು ಕುಳಿತರೆ ಎಲ್ಲ ಮುಖಗಳೂ ಒಂದೇ. ಮೂರು ತಿಂಗಳು ಒಬ್ಬಳನ್ನೇ ಮುಖಪುಟಕ್ಕೆ ಹಾಕಿದ, ಗೊತ್ತಾಗಲೇ ಇಲ್ಲ. ಕೊಂಡವರು ಉಗಿದರು. ಅಂಗಡಿಯವರು ಕಟ್ಟು ಬಿಚ್ಚದೆ ವಾಪಸ್ಸು ಕಳಿಸಿದರು. ಕೊನೆಗೆ ಅಚ್ಚಿನ ಯಂತ್ರವೂ ಹರಾಜಾಯಿತು.

ಹೋದರೆ ಹೋಗಲಿ ಅಂದ. ಅವನನ್ನು ಕೊರೆಯುತ್ತಿದ್ದುದು ಬೇರೆಯೇ. ಒಬ್ಬಳೇ ಮಗಳು ಕುಮುದಾ ದೂರದ ಊರಿನಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು. ಎರಡು ವರ್ಷದಿಂದ ಮನೆಗೆ ಬಂದಿರಲಿಲ್ಲ. "ನನ್ನ ಮಗಳ ಕಣ್ಣಾದರೂ ಕಂಡೀತು. ಕರುಳಿನ ಸಂಬಂಧ ಸುಳ್ಳಾದೀತೇ?" ಎಂದುಕೊಂಡು, ಅವಳಿಗೆ ಸರ್ಟಿಫಿಕೇಟು ಕೊಡುವ ದಿನ ಹೇಳದೆ ಕೇಳದೆ ಹೊರಟ.

ಅಂಗಳದಲ್ಲಿ ನಲವತ್ತು ಹುಡುಗಿಯರು ಬಿಳಿ ಸಮವಸ್ತ್ರ ತೊಟ್ಟು ಎರಡು ಸಾಲಾಗಿ ನಿಂತಿದ್ದರು. ನಲವತ್ತು ಮುಖಕ್ಕೂ ಪಟ್ಟಿ. "ಕುಮುದಾ, ನಮ್ಮಮ್ಮಾ, ಕುಮುದಾ!" ಎಂದು ಕೂಗಿದ. ಯಾರೂ ಅಲುಗಲಿಲ್ಲ. ಎತ್ತರ ಸರಿಯಾಗಿದೆ ಎಂದು ಒಬ್ಬಳ ಕೈ ಹಿಡಿದ. ಅವಳು ಚೀರಿದಳು. ಜನ ಸೇರಿದರು. "ಇವನು ಆ ಪತ್ರಿಕೆಯವನಲ್ಲವೇ?" ಎಂದು ಯಾರೋ ಗುರುತು ಹಿಡಿದರು.

"ಮಗಳನ್ನು ನೋಡಲು ಬಂದೆ ಸ್ವಾಮಿ," ಎಂದ.

"ಹಾಗಾದರೆ ತೋರಿಸಯ್ಯಾ, ಇವರಲ್ಲಿ ನಿನ್ನ ಮಗಳು ಯಾರು?" ಎಂದ ಕಾವಲುಗಾರ.

ಅವನು ಎರಡೂ ಸಾಲುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನೋಡಿ ಗೋಳೋ ಎಂದು ಅತ್ತ. ಅವನ ರಟ್ಟೆ ಹಿಡಿದು ಗೇಟಿನ ಹೊರಗೆ ತಳ್ಳಿದರು. ಕುಮುದಾ ಎರಡನೆಯ ಸಾಲಿನಲ್ಲಿ ನಿಂತೇ ಇದ್ದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಎಂಥ ಕಲ್ಲು ಮನಸ್ಸು ಗುರುಗಳೇ! 'ಇವರು ನಮ್ಮಪ್ಪ' ಎಂದು ಒಂದು ಮಾತು ಹೇಳಿದ್ದರೆ ಅವಳಿಗೇನಾಗುತ್ತಿತ್ತು?"

"ಹೇಳಿದ್ದರೆ ಎಲ್ಲರೂ ಅವಳನ್ನು ನೋಡುತ್ತಿದ್ದರು," ಎಂದರು ಗುರುಗಳು.