ಮಾಮನ ಕಾಲ್ಕಡಗ

ಕೋಳಿ ಅಂಕದ ದಿನ ಬೆಳಿಗ್ಗೆ ಯಜಮಾನ ಕಿರುಗತ್ತಿಗಳ ಪೆಟ್ಟಿಗೆ ತೆರೆದಿಟ್ಟ. ಕೆಂಪು ಹುಂಜ ಇಣುಕಿ ನೋಡಿ, ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಕೊಕ್ಕಿನಿಂದ ಮುಟ್ಟಿತು.

"ಅಕ್ಕಾ, ಈ ಕಡಗ ನನ್ನ ಕಾಲಿಗೆ ಒಪ್ಪುತ್ತದಲ್ಲ?"

ಹೇಂಟೆ ಓಡಿ ಬಂದು ಅಡ್ಡ ನಿಂತಿತು. "ಅದು ಕಡಗವಲ್ಲ ಮಾರಾಯ, ಕತ್ತಿ! ಹೋದ ವರ್ಷ ಅಣ್ಣ ಇದನ್ನೇ ಕಟ್ಟಿಸಿಕೊಂಡು ಹೋದ. ಕತ್ತಿ ಮಾತ್ರ ಮನೆಗೆ ಬಂತು. ಬೇಲಿ ಹಾರಿ ಓಡು!"

"ನಿನಗೆ ಯಾರೂ ಏನೂ ತೊಡಿಸಲಿಲ್ಲವೆಂದು ಹೊಟ್ಟೆಕಿಚ್ಚು," ಎಂದು ಹುಂಜ ತಾನಾಗಿಯೇ ಕಾಲು ಚಾಚಿತು. ಯಜಮಾನ ನೂಲು ಸುತ್ತಿ ಬಿಗಿಯಾಗಿ ಕಟ್ಟಿದ.

ಸಂಜೆ ಯಜಮಾನ ಒಬ್ಬನೇ ಬಂದು, ಕತ್ತಿ ತೊಳೆದು ಪೆಟ್ಟಿಗೆಯಲ್ಲಿಟ್ಟ. ಹೇಂಟೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಿತು. ಪುಟ್ಟ ಹುಂಜಮರಿಯೊಂದು ಕತ್ತು ಹೊರಗೆ ಹಾಕಿ ಕೇಳಿತು:

"ಅಮ್ಮಾ, ಮಾಮನ ಕಡಗ ಇನ್ನು ನನಗೇ ಅಲ್ಲವಾ?"