ಹೊನ್ನೇಮರಡಿಯ ತೆಕ್ಕೆ ಬೊಮ್ಮಣ್ಣ

ತುಂಬ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ. ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದ ಮುದುಕಿಗೂ ಅದು ಗೊತ್ತಿರಲಿಲ್ಲ. ಒಂದು ಊರು, ಹೊನ್ನೇಮರಡಿ ಅಂತ. ಊರಿನ ಬೆನ್ನಿಗೆ ಒಂದು ಮರಡಿ, ಅಂದರೆ ಸಣ್ಣ ಗುಡ್ಡ. ಗುಡ್ಡದ ತುಂಬ ಹೊನ್ನೆ ಮರ, ನಡುನಡುವೆ ದಿಂಡಿಗ, ಕಮರ. ಗುಡ್ಡದ ಹೊಟ್ಟೆಯಿಂದ ಒಂದು ಒರತೆ ಜಿನುಗಿ ಊರಿನ ಕಲ್ಲುಬಾನಿಗೆ ಬೀಳುತ್ತಿತ್ತು. ಸುತ್ತಲಿನ ಹತ್ತು ಹಳ್ಳಿಯ ಬಾವಿ ಬತ್ತಿದರೂ ಆ ಒರತೆ ಬತ್ತುತ್ತಿರಲಿಲ್ಲವಂತೆ.

ಆ ಊರಲ್ಲಿ ಬೊಮ್ಮಣ್ಣ ಅಂತ ಒಬ್ಬನಿದ್ದ. ತೆಕ್ಕೆ ಬೊಮ್ಮಣ್ಣ. ನಿಂತರೆ ಅವನ ಬೆರಳು ಮೊಣಕಾಲು ಮುಟ್ಟುತ್ತಿತ್ತು, ಹಾಗಂತಾರೆ. ನಮ್ಮ ದೊಡ್ಡಮ್ಮ ಮೊಣಕಾಲಿಗಿಂತ ಒಂದು ಗೇಣು ಕೆಳಗೆ ಅನ್ನುತ್ತಿದ್ದಳು. ಅವಳ ತಂಗಿಗೆ ಕಥೆಯಲ್ಲಿ ಅಕ್ಕನನ್ನು ಮೀರಿಸಬೇಕೆಂಬ ಹಟ. ಅವಳು ಹಿಮ್ಮಡಿಗೇ ಇಳಿಸಿಬಿಟ್ಟಳು. ಇರಲಿ. ಕೈ ಉದ್ದವಿತ್ತು, ಅಷ್ಟು ಸಾಕು.

ನಾನು ಕಾಲೇಜಿನಲ್ಲಿ ಓದುವಾಗ ಮೇಷ್ಟ್ರೊಬ್ಬರು ಅರಣ್ಯಶಾಸ್ತ್ರದ ಕವಲುಗಳನ್ನು ಬೋರ್ಡಿನ ಮೇಲೆ ಬರೆದರು: ಬೆಳೆಸುವುದು, ಕಾಯುವುದು, ಅಳೆಯುವುದು, ಬಳಸುವುದು. ಹಿಂದಿನ ಬೆಂಚಿನಲ್ಲಿ ನಾನು ನಕ್ಕುಬಿಟ್ಟೆ, ಹೊರಗೆ ಹಾಕಿದರು. ನಗದೆ ಏನು ಮಾಡಲಿ? ಆ ನಾಲ್ಕೂ ಕವಲನ್ನು ನಾನು ಐದನೇ ವಯಸ್ಸಿಗೇ ಕೇಳಿದ್ದೆ, ಅದೂ ಒಬ್ಬನೇ ಮನುಷ್ಯನ ಕೈಯಲ್ಲಿ.

ಬೊಮ್ಮಣ್ಣ ಬೆಳೆಸುತ್ತಿದ್ದ. ಹೊನ್ನೆಯ ಕಾಯಿ ದುಂಡಗೆ, ಅಂಚಿಗೆಲ್ಲ ರೆಕ್ಕೆ. ಅದನ್ನು ಆರಿಸಿ, ಸಗಣಿ ನೀರಲ್ಲಿ ನೆನೆಸಿ, ಮೊದಲ ಮಳೆ ಬಿದ್ದ ಮರುದಿನ ಕಾರೆಮುಳ್ಳಿನ ಪೊದೆಯೊಳಗೆ ಊರುತ್ತಿದ್ದ. ಆಡು ಬಾಯಿ ಹಾಕದ ಜಾಗ ಅದೊಂದೇ. ಸಸಿಗೆ ಮುಳ್ಳೇ ಸೂಲಗಿತ್ತಿ ಅನ್ನುತ್ತಿದ್ದನಂತೆ. ಬೊಮ್ಮಣ್ಣ ಕಾಯುತ್ತಿದ್ದ. ಶಿವರಾತ್ರಿ ಕಳೆಯುತ್ತಲೇ ಗುಡ್ಡದ ಸುತ್ತ ನಾಲ್ಕು ಮಾರು ಅಗಲಕ್ಕೆ ತರಗೆಲೆ ಗುಡಿಸಿ ತೆಗೆಯುತ್ತಿದ್ದ, ಬೆಂಕಿ ಬಂದರೆ ಅಲ್ಲೇ ಹಸಿದು ಸಾಯಲಿ ಅಂತ.

ಇನ್ನು ಅಳೆಯುವುದು. ಅವನು ಊರಿನ ತೆಕ್ಕೆಗಾರ, ಅದಕ್ಕೇ ಅವನಿಗೆ ಆ ಹೆಸರು. ಒರತೆಯ ಚೌಡಮ್ಮನ ಮುಂದೆ ಊರೆಲ್ಲ ಆಣೆಯಿಟ್ಟು ಒಪ್ಪಿದ ಕಟ್ಟಳೆ ಒಂದಿತ್ತು. ಯಾರಿಗೆ ಮರ ಬೇಕಾದರೂ ತೆಕ್ಕೆಗಾರ ಬಂದು ಅದನ್ನು ತಬ್ಬಬೇಕು. ಬೆರಳಿಗೆ ಬೆರಳು ತಾಗಿದರೆ ಆ ಮರ ಕೂಸು, ಕೊಡಲಿ ಮುಟ್ಟಿಸುವಂತಿಲ್ಲ. ತಾಗದಿದ್ದರೆ ಹಣ್ಣಾಗಿದೆ, ಕಡಿಯಬಹುದು. ಕಡಿದವನು ಐದು ಸಸಿ ನೆಟ್ಟು ಎರಡು ಬೇಸಿಗೆ ನೀರು ಹೊರಬೇಕು. ಬಳಸುವುದು ಅಂದರೆ ಅಷ್ಟು. ನೇಗಿಲು, ತೊಲೆ, ತೊಟ್ಟಿಲು ಎಲ್ಲಕ್ಕೂ ಅದೇ ಕಟ್ಟಳೆ. ಹೊನ್ನೆಯ ತೊಗಟೆ ಗೀರಿದರೆ ನೆತ್ತರಿನಂಥ ರಸ ಬರುತ್ತದೆ, ನೋಡಿದ್ದೀರಲ್ಲ? ತಬ್ಬಿ ತಬ್ಬಿ ಬೊಮ್ಮಣ್ಣನ ಎದೆಯೇ ಕೆಂಪಾಗಿತ್ತಂತೆ.

ಒರತೆಯ ನೆತ್ತಿಯ ಮೇಲೆ ಒಂದು ಮುದಿ ಹೊನ್ನೆ ಇತ್ತು, ತಾಯಿಮರ. ಗುಡ್ಡದ ಬೀಜವೆಲ್ಲ ಅದರದು. ಅದೊಂದನ್ನು ಅವನು ಯಾವತ್ತೂ ತಬ್ಬಲಿಲ್ಲ. ತಾಯಿಯನ್ನು ಯಾರಾದರೂ ಅಳೆಯುತ್ತಾರಾ ಅಂತ ಕೇಳುತ್ತಿದ್ದ. ಆದರೆ ಆ ಮಾತನ್ನು ಕಟ್ಟಳೆಗೆ ಸೇರಿಸಬೇಕು ಅಂತ ಅವನಿಗೆ ಹೊಳೆದಿರಲಿಲ್ಲ. ಯಾರಿಗೆ ಹೊಳೆಯುತ್ತದೆ ಹೇಳಿ?

ಹೀಗಿರುವಾಗ ಊರಗೌಡ ಹಂಪನಗೌಡನಿಗೆ ಅಟ್ಟದ ಮನೆ ಕಟ್ಟುವ ಮನಸ್ಸಾಯಿತು. ನಲವತ್ತು ತೊಲೆ ಬೇಕು. ಬೊಮ್ಮಣ್ಣ ಮೂರು ದಿನ ಗುಡ್ಡ ಸುತ್ತಿ ತಬ್ಬಿ ಬಂದು, ಹಣ್ಣಾದದ್ದು ಮೂರೇ ಮರ ಅಂದ. ಆಣೆ ಮುರಿಯುವ ಧೈರ್ಯ ಗೌಡನಿಗಿರಲಿಲ್ಲ. ಚೌಡಮ್ಮ ಕಣ್ಣು ಕೀಳುತ್ತಾಳೆ. ಅವನು ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿದ. ಕಟ್ಟಳೆಯಲ್ಲಿ ತೆಕ್ಕೆಗಾರನ ಕೈ ಅಂತಿದೆ, ಯಾರ ಕೈ ಅಂತ ಇಲ್ಲವಲ್ಲ ಎಂದು ಒಬ್ಬ ಹಿರಿಯ ಗಡ್ಡ ನೀವಿಕೊಂಡನಂತೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಮನೆಗೂ ಒಂದೊಂದು ತೊಲೆ ಬೇಕಾಗಿತ್ತು ನೋಡಿ.

ಬೊಮ್ಮಣ್ಣನಿಗೆ ವಯಸ್ಸಾಯಿತು, ದಣಿದಿದ್ದಾನೆ ಅಂದರು. ಕಂಬಳಿ ಹೊದಿಸಿದರು, ಕಾಯಿ ಕೊಟ್ಟರು, ಡೊಳ್ಳು ಬಾರಿಸಿ ಚಾವಡಿಯ ಜಗುಲಿಯ ಮೇಲೆ ಕೂರಿಸಿದರು. ಕೂರಿಸಿ, ಅವನ ಅಳಿಯ ದುರುಗಪ್ಪನನ್ನೇ ತೆಕ್ಕೆಗಾರ ಮಾಡಿದರು. ದುರುಗಪ್ಪ ಒಳ್ಳೆಯವನೇ, ಆದರೆ ಕೈ ಮೊಟಕು. ಎದುರಿಗಿಟ್ಟ ತಟ್ಟೆಗೂ ಬಗ್ಗಿಯೇ ಕೈ ಹಾಕಬೇಕು. ಹೆಂಡತಿಯಾದರೂ ನಿನ್ನ ತೆಕ್ಕೆಗೆ ಸಿಗುತ್ತಾಳೇನೋ ಅಂತ ಊರವರು ಕಾಡುತ್ತಿದ್ದ ಕೈಗೆ ಈಗ ಊರೇ ಆರತಿ ಎತ್ತಿತು.

ಮರುದಿನ ಬೆಳಿಗ್ಗೆ ದುರುಗಪ್ಪ ಗುಡ್ಡ ಹತ್ತಿದ. ಒಂದು ಮರದ ಸುತ್ತಲೂ ಬೆರಳಿಗೆ ಬೆರಳು ತಾಗಲಿಲ್ಲ. ನಿನ್ನೆ ಕೂಸಾಗಿದ್ದ ನಲವತ್ತು ಮರ ಒಂದೇ ರಾತ್ರಿಗೆ ಹಣ್ಣಾದವು. ಕೊಡಲಿಯ ಸದ್ದು ಕೇಳಿ ಬೊಮ್ಮಣ್ಣ ಕಂಬಳಿ ಕೆಳಗಿಟ್ಟು ಗೌಡನ ಮುಂದೆ ನಿಂತ.

"ಮರ ಬೆಳೆದಿಲ್ಲ ಗೌಡ್ರೇ. ಊರಿನ ಕೈ ಗಿಡ್ಡಾತು."

"ಕಟ್ಟಳೆ ಮೀರಿದ್ವಾ ನಾವು? ಮೀರಿದ್ರೆ ಹೇಳು ಬೊಮ್ಮಣ್ಣ, ಈಗ್ಲೇ ನಿಲ್ಲಿಸ್ತೀನಿ."

ಮೀರಿರಲಿಲ್ಲ. ಬೊಮ್ಮಣ್ಣ ತಿರುಗಿ ಮನೆಗೆ ನಡೆದನಂತೆ.

ಮನೆ ಎದ್ದಿತು. ಗೌಡನಿಗೆ ಈಗ ಹೆಬ್ಬಾಗಿಲಿಗೆ ಒಂಟಿ ಹಲಗೆ ಬೇಕಾಯಿತು, ಜೋಡಣೆಯಿಲ್ಲದ್ದು. ಅಷ್ಟು ಅಗಲ ಇದ್ದದ್ದು ತಾಯಿಮರ ಒಂದೇ. ಆದರೆ ಒರತೆಯ ನೆತ್ತಿಯ ಮರ ಅಂದಾಗ ಊರವರು ಸ್ವಲ್ಪ ಹಿಂಜರಿದರು. ಬೊಮ್ಮಣ್ಣನೇ ತಬ್ಬಲಿ, ಅವನ ತೆಕ್ಕೆಗೂ ಅದು ಸಿಗುವುದಿಲ್ಲ, ಆಗ ಪಾಪ ನಮಗಿಲ್ಲ ಅಂತ ಗೌಡ ಲೆಕ್ಕ ಹಾಕಿದ. ಡೊಳ್ಳಿನೊಂದಿಗೆ ಕರೆತಂದರು.

ಯಾವತ್ತೂ ಮುಟ್ಟದ ಮರಕ್ಕೆ ಬೊಮ್ಮಣ್ಣ ಎದೆಯೊತ್ತಿದ. ಬೆರಳುಗಳ ನಡುವೆ ಒಂದು ಮೊಳ ಬಾಕಿ ಉಳಿಯಿತು. ಅವನು ಕಣ್ಣು ಮುಚ್ಚಿದ, ಇನ್ನಷ್ಟು ಒತ್ತಿದ. ಒಂದು ಗೇಣು ಉಳಿಯಿತು. ಮತ್ತೂ ಒತ್ತಿದ. ಎರಡೂ ಹೆಗಲ ಕೀಲು ಕಳಚಿದ ಸದ್ದು ಕೆಳಗೆ ಕಣದಲ್ಲಿ ರಾಗಿ ತೂರುತ್ತಿದ್ದವರಿಗೂ ಕೇಳಿಸಿತಂತೆ. ಬೆರಳಿಗೆ ಬೆರಳು ತಾಗಿತು.

"ಕೂಸು," ಅಂದ.

ಕೊಡಲಿ ಹಿಡಿದವರು ಹಿಂದೆ ಸರಿದರು. ಗೌಡ ಮಾತ್ರ ಮೆಲ್ಲಗೆ, ಬೊಮ್ಮಣ್ಣ ಈಗ ತೆಕ್ಕೆಗಾರನಲ್ಲವಲ್ಲ ಅಂತ ನೆನಪು ಮಾಡಿದ. ದುರುಗಪ್ಪನನ್ನು ಮುಂದೆ ತಳ್ಳಿದರು. ಅವನು ಮಾವನ ಮುಖ ನೋಡಲಿಲ್ಲ. ತಬ್ಬಿದ. ಎರಡು ಕೈಯ ನಡುವೆ ಒಂದು ಹಸು ನಿಲ್ಲುವಷ್ಟು ಜಾಗ.

"ಸಿಗ್ಲಿಲ್ಲ ಮಾವ."

ಬೊಮ್ಮಣ್ಣನ ತೋಳು ಎರಡೂ ಬಟ್ಟೆಯ ಹಾಗೆ ಜೋತಿದ್ದವು. "ನಿನ್ನ ಕೈ ಸುಳ್ಳು ಹೇಳ್ಲಿಲ್ಲ ದುರುಗಪ್ಪ," ಅಂದನಂತೆ. "ನಂದೇ ಹೇಳ್ತು."

ಮರ ಬಿತ್ತು. ಮೂರು ದಿನ ಒರತೆಯಲ್ಲಿ ಕೆಂಪು ನೀರು ಬಂತು, ಹೆಂಗಸರು ಅದನ್ನೇ ಸೋಸಿ ತಂದರು. ಬೊಮ್ಮಣ್ಣನ ಕೈ ಮತ್ತೆ ಮೇಲೇಳಲಿಲ್ಲ. ಮಗಳು ಕೆಂಚವ್ವ ತುತ್ತು ಮಾಡಿ ಉಣಿಸುತ್ತಿದ್ದಳು. ಗೌಡನ ಬಾಗಿಲು ನಿಲ್ಲುವ ಮೊದಲೇ ಬೊಮ್ಮಣ್ಣ ತೀರಿಹೋದ. ಮೂರನೇ ಬೇಸಿಗೆಗೆ ಒರತೆಯೂ ನಿಂತಿತು. ಮಳೆ ಬಂದಾಗ ಗುಡ್ಡದ ಮಣ್ಣು ಇಳಿದು ಬಂದು ಬಾನಿಯನ್ನು ಹೂತಿತು.

ಅಷ್ಟಾದ ಮೇಲೆ ಬುದ್ಧಿ ಬಂತು ಅಂದುಕೊಂಡಿರಾ? ಕಡಿದದ್ದಕ್ಕೆ ಐದೈದು ಸಸಿಯನ್ನೇನೋ ನೆಟ್ಟರು, ಆದರೆ ಮುಳ್ಳಿನ ಮರೆಯಿಲ್ಲದ ಬಯಲಲ್ಲಿ, ಆಡು ಮೇಯ್ದು ಹಾಕಿದವು. ಮರ ಸಣ್ಣದಾದ ಹಾಗೆ ಊರು ಇನ್ನೂ ಮೊಟಕು ಕೈಯವರನ್ನು ಹುಡುಕಿತು. ಕಡೆಯ ತೆಕ್ಕೆಗಾರ ಕೈ ಮಡಚಿಕೊಂಡೇ ಮುಂಗೈ ದಪ್ಪದ ಗಿಡಕ್ಕೆ ಎದೆ ತಾಗಿಸಿ, ಬೆರಳು ಕೂಡಲಿಲ್ಲ ಅಂದನಂತೆ. ಮೊಣಕೈ ಬಿಡಿಸಬೇಕು ಅಂತ ಕಟ್ಟಳೆಯಲ್ಲಿ ಎಲ್ಲಿದೆ?

ಈಗಲೂ ಹೊನ್ನೆ ಹೂ ಬಿಡುವ ಕಾಲಕ್ಕೆ ಊರವರು ಬೊಮ್ಮಣ್ಣನ ಹೆಸರಲ್ಲಿ ಆ ಬೋಳು ಗುಡ್ಡ ಹತ್ತುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ತಾಯಿಮರ ಇದ್ದ ಜಾಗದಲ್ಲಿ ದುಂಡಗೆ ನಿಂತು, ಎಲ್ಲರೂ ಕೈ ಚಾಚಿ ಗಾಳಿಯನ್ನು ತಬ್ಬುತ್ತಾರೆ. ಬೆರಳಿಗೆ ಬೆರಳು ತಾಗುತ್ತದೆ, ತಾಗದೆ ಏನು! ತೆಕ್ಕೆಗಾರನ ಮನೆಯವನು, "ಕೂಸು, ಕೊಡಲಿ ಹಾಕಬೇಡಿ," ಅನ್ನುತ್ತಾನೆ. "ಹಾಕೋದಿಲ್ಲ," ಅಂತ ಊರೆಲ್ಲ ಒಂದೇ ದನಿಯಲ್ಲಿ ಹೇಳುತ್ತದೆ. ಆಮೇಲೆ ಇಳಿದು ಬಂದು ಹೋಳಿಗೆ ಉಣ್ಣುತ್ತಾರೆ. ಹೋಳಿಗೆ ಚೆನ್ನಾಗಿಯೇ ಇತ್ತು.

ಪಕ್ಕದಲ್ಲಿ ಕೂತವರನ್ನು ಕೇಳಿದೆ, ಬರುವಾಗ ಒಂದೊಂದು ಹೊನ್ನೆ ಬೀಜ ತರಬಹುದಲ್ಲ ಅಂತ. ಅವರು ಎಲೆಯ ಮೇಲೆ ತುಪ್ಪ ಹರಡಿಕೊಳ್ಳುತ್ತ ಯೋಚಿಸಿ, ಹಾಗೆ ತರುವುದು ಪದ್ಧತಿಯಲ್ಲಿಲ್ಲ ಅಂದರು.