ಕಾಲು ತಾಗಿದ ಭುಜ

ನೇಪಾಳದಲ್ಲಿ ಮುಕ್ತಿನಾಥಕ್ಕೆ ಹತ್ತುವ ಕಾಲುದಾರಿಯ ಪಕ್ಕ, ಕಲ್ಲುಮಣ್ಣಿನ ಎರಡು ಕೋಣೆಗಳ ಒಂದು ತಂಗುದಾಣದಲ್ಲಿ ಪೂಜ್ಯ ವಿರಜಾಮಾತೆಯವರು ಇಪ್ಪತ್ತಾರು ವರ್ಷ ವಾಸವಾಗಿದ್ದರು. ಹುಟ್ಟಿದ್ದು ಗದಗಿನ ಕಡೆ. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ, ಉಪದೇಶಕ್ಕೆಂದು ಗೊತ್ತಾದ ಹೊತ್ತೂ ಇರಲಿಲ್ಲ. ಇದ್ದದ್ದು ಒಂದು ಒಲೆ, ನೀರು ಕಾಯಿಸುವ ತಾಮ್ರದ ಹಂಡೆ, ಅಗಲವಾದ ಒಂದು ಬೋಗುಣಿ. ನಡೆದು ಬಂದವರು ಯಾವ ದೇಶದವರೇ ಆಗಿರಲಿ, ಅವರ ಕಾಲನ್ನು ಮಾತೆಯವರು ತಮ್ಮ ಕೈಯಾರೆ ಬಿಸಿನೀರಿನಲ್ಲಿ ತೊಳೆಯುತ್ತಿದ್ದರು. ಆಮೇಲೆ ಚಹಾ, ಅದಾದ ಮೇಲೆಯೇ ಹೆಸರು ಕೇಳುವುದು. ಭಕ್ತರಿಗೆ ಅವರು ಅವ್ವ.

ಅಲ್ಲಿಗೆ ಒಂದು ಅಕ್ಟೋಬರ್ ಮಧ್ಯಾಹ್ನ ಧಾರವಾಡದ ಪ್ರಮೀಳಾಬಾಯಿ ಬಾಳೇಕುಂದ್ರಿಯವರು ಬಂದದ್ದು ಭಕ್ತಿಯಿಂದಲ್ಲ. ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಮೂವತ್ತೊಂದು ವರ್ಷ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಇಸ್ತ್ರಿಯಿಲ್ಲದ ಸೀರೆ, ತಡವಾಗಿ ಬರುವ ಜನ, ಸನ್ಯಾಸಿಗಳು ಇವು ಅವರಿಗೆ ಆಗಿಬರುತ್ತಿರಲಿಲ್ಲ. ಅವರ ನಾದಿನಿ ಇಂದುಮತಿ ಅವ್ವನವರ ಶಿಷ್ಯೆ. ಆಕೆಯ ಒತ್ತಾಯ ತಾಳಲಾರದೆ, ಪರದೇಶವನ್ನೂ ಹಿಮಾಲಯವನ್ನೂ ಒಮ್ಮೆ ನೋಡಿದಂತಾಯಿತೆಂದು ಹೊರಟಿದ್ದರು.

ಅವರ ಬೂಟುಗಳು ಹನ್ನೊಂದು ವರ್ಷ ಕಪಾಟಿನಲ್ಲಿ ಡಬ್ಬಿಯೊಳಗೇ ಇದ್ದಂಥವು.

“ವೈನಿ, ಇವನ್ನ ಒಮ್ಮೆರೆ ಹಾಕ್ಕೊಂಡು ಅಡ್ಡಾಡೀರೇನು?” ಎಂದು ಹೊರಡುವ ದಿನ ಇಂದುಮತಿ ಕೇಳಿದ್ದರು.

“ಒಮ್ಮೆನೂ ಇಲ್ಲ. ಅದಕ್ಕ ಹೊಸಾವು ಇದ್ದಂಗ ಅವ.”

“ಬೂಟಿಗೂ ವಯಸ್ಸಾಗ್ತದರಿ.”

“ನಿನ್ನ ನಾಲಿಗಿಗೆ ಮಾತ್ರ ಆಗಲಿಲ್ಲ ನೋಡು.”

ಇಂದುಮತಿಯವರ ಮಾತೇ ನಿಜವಾಯಿತು. ಕೊನೆಯ ಏರು ಇನ್ನೇನು ಶುರುವಾಗಬೇಕು, ಎರಡೂ ಬೂಟುಗಳ ತಳ ಕಿತ್ತು ಬಾಯಿ ತೆರೆದವು. ಜೊತೆಯವರೆಲ್ಲ ಆಗಲೇ ಮುಂದೆ ಹೋಗಿದ್ದರು. ಕಾಲಿಗೆ ಏನಾದರೂ ತರುತ್ತೇನೆಂದು ಇಂದುಮತಿ ಮೇಲಿನ ತಂಗುದಾಣಕ್ಕೆ ಹೋದರು. ಪ್ರಮೀಳಾಬಾಯಿಯವರು ಬಂಡೆಯೊಂದರ ಮೇಲೆ ಒಬ್ಬರೇ ಕುಳಿತರು. ಹಿಂದಿನ ದಿನ ಬಿದ್ದ ಹಿಮ ಕರಗಿ ದಾರಿಯೆಲ್ಲ ಕೊರೆಯುವ ಕೆಸರಾಗಿತ್ತು.

ಬೆನ್ನಿಗೆ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹೊಲದ ಕಡೆಯಿಂದ ಬಂದಳು. ಏನೋ ಕೇಳಿದಳು, ಭಾಷೆ ತಿಳಿಯಲಿಲ್ಲ. ಬುಟ್ಟಿ ಇಳಿಸಿದಳು. ತನ್ನ ಕಾಲಿನ ಬಟ್ಟೆಯ ಬೂಟುಗಳನ್ನು ಕಳಚಿ ಪಕ್ಕಕ್ಕಿಟ್ಟು, ಮಂಡಿಯೂರಿ, ಇವರ ಬೂಟಿನ ದಾರ ಬಿಚ್ಚತೊಡಗಿದಳು. ಬೇರೆಯವರು ಮೆಟ್ಟಿದ್ದನ್ನು ತಾನು ಮೆಟ್ಟುವುದೇ? ಪ್ರಮೀಳಾಬಾಯಿಯವರು “ನೋ! ನೋ!” ಎಂದು ಕಾಲು ಜಾಡಿಸಿದರು. ಒದೆ ಆಕೆಯ ಭುಜಕ್ಕೆ ಬಿತ್ತು. ಆಕೆ ಕೆಸರಿನಲ್ಲಿ ಹಿಂದಕ್ಕೆ ಕುಸಿದಳು.

ಆಕೆ ಎದ್ದು, ತನ್ನ ಬೂಟುಗಳನ್ನು ಬಂಡೆಯ ಮೇಲೆ ಜೋಡಿಸಿಟ್ಟು, ಬುಟ್ಟಿ ಹೊತ್ತು, ಬರಿಗಾಲಿನಲ್ಲಿ ಹೊರಟುಹೋದಳು. ಪುಸ್ತಕಕ್ಕಾಗಲಿ ಮನುಷ್ಯರಿಗಾಗಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದ ಕೈ ಅಂದು ಮಡಿಲು ಬಿಟ್ಟು ಮೇಲೇಳಲಿಲ್ಲ.

ಅರ್ಧ ಗಂಟೆಯಲ್ಲಿ ಕಾಲು ಮರಗಟ್ಟಿತು. ಬೇರೆ ದಾರಿ ಕಾಣದೆ ಆ ಬೂಟುಗಳನ್ನೇ ಮೆಟ್ಟಿಕೊಂಡರು. ಒಳಗೆ ಉಣ್ಣೆಯಿತ್ತು. ಅಂಚಿಗೆ ಕೆಂಪು ದಾರದ ಹೊಲಿಗೆ. ಅರ್ಧ ದಾರಿಯಲ್ಲಿ ಅವ್ವನವರ ಚಪ್ಪಲಿ ಹಿಡಿದು ಇಂದುಮತಿ ಎದುರಾದರು. ಯಾರೋ ಬೂಟು ಕೊಟ್ಟರೆಂದಷ್ಟೇ ಪ್ರಮೀಳಾಬಾಯಿಯವರು ಹೇಳಿದರು.

ತಂಗುದಾಣದ ಬಾಗಿಲಲ್ಲಿ ಅವ್ವನವರು ಬೋಗುಣಿ ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದರು.

“ಬ್ಯಾಡ್ರಿ, ನಾನೇ ತೊಳಕೋತೀನಿ.”

ಅವ್ವನವರು ನಕ್ಕು, ಆ ಬೂಟುಗಳನ್ನು ಮೆಲ್ಲನೆ ಕಳಚಿದರು. ಪ್ರಮೀಳಾಬಾಯಿಯವರು ಶಾಲೆಯ ದನಿಯಲ್ಲೇ ಹೇಳಿದರು: “ಇವನ್ನ ಕೊಟ್ಟಾಕಿಗೆ ತಿರುಗಿ ಮುಟ್ಟಸೋ ವ್ಯವಸ್ಥಾ ಆಗಬೇಕು. ಒಂದು ಥ್ಯಾಂಕ್ಸ್ ಚೀಟಿ ಬರದು ಕೊಡತೀನಿ.”

“ಮುಟ್ಟಸೋಣಂತ,” ಎಂದರು ಅವ್ವನವರು ನೀರು ಹೊಯ್ಯುತ್ತ. “ಆಕಿ ಮಾರಿ ಹೆಂಗಿತ್ತವಾ?”

ಪ್ರಮೀಳಾಬಾಯಿಯವರಿಗೆ ಬುಟ್ಟಿ ನೆನಪಿತ್ತು, ಒಡೆದ ಬೆರಳುಗಳು ನೆನಪಿದ್ದವು, ಬೂಟು ಶುಭ್ರವಾಗಿದೆಯೋ ಇಲ್ಲವೋ ಎಂದು ನೋಡಿದ್ದೂ ನೆನಪಿತ್ತು. ಮುಖ ಮಾತ್ರ ನೆನಪಾಗಲಿಲ್ಲ. ಮುದುಕಿಯೋ ಹುಡುಗಿಯೋ, ಅದೂ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಅವರು ಹಾಜರಿ ತೆಗೆದದ್ದು ಹೀಗೆಯೇ, ಪುಸ್ತಕದಿಂದ ತಲೆಯೆತ್ತದೆ, ನಂಬರು ಕೂಗುತ್ತ.

“ನೋಡಲಿಲ್ಲ,” ಎಂದರು. ದನಿ ಇಳಿಯಿತು. “ಅವ್ವಾ, ನಾನು ಆಕಿಗೆ ಒದ್ದೆ. ಕಾಲ ಮುಟ್ಟಿದ್ಲಂತ ಒದ್ದೆ.”

ಇಂದುಮತಿ ಬೆಚ್ಚಿ ನೋಡಿದರು. ಅವ್ವನವರು ಕಾಲಿನ ಒಂದೊಂದೇ ಬೆರಳನ್ನು ಬಟ್ಟೆಯಿಂದ ಒರೆಸಿದರು. ಎಲ್ಲ ಮುಗಿದ ಮೇಲೆ, “ಮುಂಜಾನೆ ನೀರಿನ ಕಡೆ ಹೋಗು, ಊರ ಹೆಂಗಸರು ಅಲ್ಲಿರ್ತಾರ. ಈ ಸಲ ಮಾರಿ ನೋಡು,” ಎಂದರು. ಅಷ್ಟೇ.

ಮುಂಜಾನೆ ಹಳ್ಳಿಯ ನೀರಿನ ತೊರೆಯ ಬಳಿ ಹದಿಮೂರು ಜನ ಹೆಂಗಸರು ಉಣ್ಣೆ ತೊಳೆಯುತ್ತಿದ್ದರು. ಎಲ್ಲರೂ ಬರಿಗಾಲು. ಒಂದೇ ಥರದ ಬುಟ್ಟಿಗಳು ಗೋಡೆಗೆ ಸಾಲಾಗಿ ಒರಗಿದ್ದವು. ಪ್ರಮೀಳಾಬಾಯಿಯವರು ಬೂಟುಗಳನ್ನು ಎತ್ತಿ ತೋರಿಸಿದರು.

“ಮಾರೋಕೆ ತಂದೆಯಾ ದೀದಿ?” ಎಂದು ಒಬ್ಬಳು ಹರಕು ಹಿಂದಿಯಲ್ಲಿ ಕೂಗಿದಳು. ಎಲ್ಲರೂ ನಕ್ಕರು. ಹಣ್ಣುಹಣ್ಣು ಮುದುಕಿಯೊಬ್ಬಳು ಬೂಟನ್ನು ತಿರುವಿ ನೋಡಿ ವಾಪಸು ಕೊಟ್ಟಳು. ಕೆಂಪು ದಾರದ ಹೊಲಿಗೆ ಎಲ್ಲರ ಮನೆಯಲ್ಲೂ ಉಂಟೆಂದು ಹಿಂದಿ ಬಲ್ಲವಳು ತಿಳಿಸಿದಳು. ನಸುಕಿನಲ್ಲೇ ಐದಾರು ಜನ ಕುರಿ ಹೊಡೆದುಕೊಂಡು ಕೆಳಗಿನ ಕಣಿವೆಗೆ ಇಳಿದಿದ್ದಾರಂತೆ. ಅವರಲ್ಲೇ ಒಬ್ಬಳಿರಬಹುದು, ಇಲ್ಲದೆಯೂ ಇರಬಹುದು.

ಆಗ ಪ್ರಮೀಳಾಬಾಯಿಯವರು ಬೂಟುಗಳನ್ನು ಕಲ್ಲಿನ ಮೇಲಿಟ್ಟು ಮೊದಲನೆಯವಳ ಎದುರು ನಿಂತರು. ಮುಖವನ್ನು ನೋಡಿದರು. ಆಕೆಯ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಎರಡನೆಯವಳು. ನಾಲ್ಕನೆಯವಳ ಹೊತ್ತಿಗೆ ನಗು ನಿಂತಿತ್ತು. ಮುದುಕಿ ತಾನಾಗಿ ಬಗ್ಗಿ ಭುಜ ಕೊಟ್ಟಳು. ಹದಿಮೂರೂ ಜನರದ್ದಾಯಿತು. ನಾನೇ ಎಂದು ಯಾರೂ ಹೇಳಲಿಲ್ಲ.

ಬೂಟು ಹಿಡಿದು ಮರಳಿ ಬಂದವರು, “ಸಿಗಲಿಲ್ಲ,” ಎಂದರು.

“ಸಿಗದಿದ್ರ ಇರಲಿ,” ಎಂದರು ಅವ್ವನವರು. “ನೋಡೂದು ಬಿಡಬ್ಯಾಡ.”

ಮೂರು ದಿನಕ್ಕೆಂದು ಬಂದಿದ್ದ ಪ್ರಮೀಳಾಬಾಯಿಯವರು ಹನ್ನೆರಡು ದಿನ ಉಳಿದರು. ಮುಂದೆ ಅವ್ವನವರು ದೇಹ ಬಿಡುವವರೆಗೂ ಪ್ರತಿ ಅಕ್ಟೋಬರಿನಲ್ಲಿ ಹೋದರು. ಬಂದವರ ಕಾಲು ತೊಳೆಯುವುದು ಅವ್ವನವರಾದರೆ ಒರೆಸುವುದು ಇವರು; ಬಟ್ಟೆ ಕೈಗೆತ್ತಿಕೊಳ್ಳುವ ಮುನ್ನ ಒಮ್ಮೆ ತಲೆಯೆತ್ತಿ ಬಂದವರ ಮುಖ ನೋಡುತ್ತಿದ್ದರು. ಆ ಬೂಟುಗಳು ಬಾಗಿಲ ಪಕ್ಕದ ಗೂಟದಲ್ಲಿ ತೂಗುತ್ತಿದ್ದವು. ಕೇಳಿಕೊಂಡು ಯಾರೂ ಬರಲಿಲ್ಲ.

ಕಣ್ಣು ಮುಚ್ಚಿದರೆ ಈಗಲೂ ಆ ಕೆಂಪು ದಾರ ಕಾಣುತ್ತದೆ, ಕೆಸರಿನಲ್ಲಿ ಐದೈದು ಬೆರಳು ಮೂಡಿದ ಹೆಜ್ಜೆಗಳು ಕಾಣುತ್ತವೆ ಎಂದು ಅವರು ಇಂದುಮತಿಯವರ ಬಳಿ ಹೇಳಿದ್ದುಂಟು. ಹೆಜ್ಜೆಗಳ ಹಿಂದೆಯೇ ಹೋಗಿ, ಆ ತಾಯಿಯನ್ನು ನಿಲ್ಲಿಸಿ, ಭುಜ ಮುಟ್ಟುತ್ತಾರಂತೆ. ಆಕೆ ತಿರುಗಿ ನೋಡುತ್ತಾಳಂತೆ. ಮುಖವಿರಬೇಕಾದಲ್ಲಿ ಏನೂ ಇರುವುದಿಲ್ಲವಂತೆ.